ಚಿಕಾಗೋದಿಂದ ಕ್ಯಾಲಿಫೋರ್ನಿಯಾಗೆ ನಾಯಿ, ಬೆಕ್ಕು, ಜರ್ಬಿಲ್ ಜೊತೆ: ಯಾವ ಪೇಪರ್ ಬೇಕು?

ಗುಂಡನ ಅಪ್ಪ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಚಿಕಾಗೋ ಬಿಟ್ಟು ಸ್ಯಾಕ್ರಮೆಂಟೋಗೆ ಹೋಗುತ್ತಿದ್ದೇವೆ. ಸಾಮಾನೆಲ್ಲ ಟ್ರಕ್ಕಿಗೆ, ನಾವು ಕಾರಲ್ಲಿ. ಐ-80 ಹೆದ್ದಾರಿ ಹಿಡಿದು ಅಯೋವಾ, ನೆಬ್ರಾಸ್ಕಾ, ವಯೋಮಿಂಗ್, ಯೂಟಾ, ನೆವಾಡಾ ದಾಟಿ ಹೋಗುವ ಪ್ಲಾನ್.

ಜೊತೆಗೆ ಗುಂಡ ಇದ್ದಾನೆ, ಐದು ವರ್ಷದ ಲ್ಯಾಬ್ರಡಾರ್ ನಾಯಿ. ಮಿನ್ನಿ ಅಂತ ಬೆಕ್ಕು. ಮಗಳು ಸಾಕಿರುವ ಎರಡು ಜರ್ಬಿಲ್, ಇಲಿಯಂಥ ಪುಟ್ಟ ಪ್ರಾಣಿ. ಮಿನ್ನಿಗೆ ಕಾರು ಅಂದರೆ ಆಗಲ್ಲ, ಅರ್ಧ ಗಂಟೆಯಲ್ಲಿ ಬಾಯಿ ತೆರೆದು ಜೊಲ್ಲು ಸುರಿಸುತ್ತಾಳೆ. ಹಾಗಾಗಿ ಅವಳನ್ನು ನನ್ನ ಹೆಂಡತಿ ವಿಮಾನದಲ್ಲಿ ಕರೆದುಕೊಂಡು ಬರಬಹುದು. ಅವಳ ರೇಬೀಸ್ ಇಂಜೆಕ್ಷನ್ ಅವಧಿ ಸರಿಯಾಗಿ ನಾವು ಹೊರಡುವ ವಾರವೇ ಮುಗಿಯುತ್ತದೆ.

ಹೆಲ್ತ್ ಸರ್ಟಿಫಿಕೇಟ್ ಬೇಕಾಗುತ್ತದಾ ಅಂತ ನಮ್ಮ ವೆಟ್‌ಗೆ, ಅಂದರೆ ಪ್ರಾಣಿ ಡಾಕ್ಟರಿಗೆ, ಫೋನ್ ಮಾಡಿದೆ. "ಮಾಡಿಕೊಡುತ್ತೇವೆ, ನಿಮಗೆ ಬೇಕಾ?" ಅಂತ ನನ್ನನ್ನೇ ಕೇಳಿದರು. ಅದನ್ನು ತಿಳಿಯಲು ತಾನೇ ಫೋನ್ ಮಾಡಿದ್ದು! ಆಫೀಸಿನಲ್ಲಿ ಒಬ್ಬರು ಏನೂ ಬೇಡ ಅಂತಾರೆ, ಇನ್ನೊಬ್ಬರು ಪ್ರತಿ ರಾಜ್ಯಕ್ಕೂ ಬೇರೆ ಪೇಪರ್ ಅಂತಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹೈವೇ ಸವಾರ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸಾರ್. ನಾವು ಟೆಕ್ಸಾಸ್‌ನಿಂದ ಬರುವಾಗ ನಾಯಿ ಹಿಂದಿನ ಸೀಟಿನಲ್ಲೇ ಮಲಗಿತ್ತು, ಒಬ್ಬರೂ ಕೇಳಲಿಲ್ಲ. ಕ್ಯಾಲಿಫೋರ್ನಿಯಾ ಗಡಿಯಲ್ಲಿ ನಿಲ್ಲಿಸಿದರು ನಿಜ, ಆದರೆ ಕೇಳಿದ್ದು ಹಣ್ಣು, ಗಿಡ ಇದೆಯಾ ಅಂತ. ಕಿತ್ತಳೆ ಹಣ್ಣು ತೆಗೆದುಕೊಂಡರು, ನಾಯಿಗೆ ಕೈ ಬೀಸಿ ಕಳಿಸಿದರು.

ಕೌಂಟರ್ ಅಕ್ಕ

ನಾನು ಒಂದು ವೆಟ್ ಕ್ಲಿನಿಕ್‌ನ ಮುಂದಿನ ಡೆಸ್ಕಿನಲ್ಲಿ ಕೂರುತ್ತೇನೆ. ಬೇಸಿಗೆ ರಜೆ ಬಂತು ಅಂದರೆ ದಿನಾ ಇದೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಿಮ್ಮ ವೆಟ್ ನಿಮ್ಮನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಿಯಮ ಮಾಡುವುದು ನೀವು ಹೋಗಿ ಸೇರುವ ರಾಜ್ಯ, ಬಿಡುವ ರಾಜ್ಯ ಅಲ್ಲ. ಐವತ್ತು ರಾಜ್ಯಕ್ಕೂ ಅವರವರದೇ ಲೆಕ್ಕ. ಸಾಕಿದವರೇ ತಮ್ಮ ನಾಯಿ ಬೆಕ್ಕನ್ನು ಕರೆದುಕೊಂಡು ಹೋಗುವುದಾದರೆ ಯುಎಸ್‌ಡಿಎ, ಅಂದರೆ ಕೇಂದ್ರ ಸರ್ಕಾರದ ಕೃಷಿ ಇಲಾಖೆ, ಅದರಲ್ಲಿ ಕೈ ಹಾಕಲ್ಲ, ಹೋಗುವ ರಾಜ್ಯದವರನ್ನು ಕೇಳಿ ಅನ್ನುತ್ತದೆ. ಪ್ರತಿ ರಾಜ್ಯದಲ್ಲೂ ಸ್ಟೇಟ್ ವೆಟರಿನೇರಿಯನ್ ಅಂತ ಒಬ್ಬ ಅಧಿಕಾರಿ ಇರುತ್ತಾರೆ. ಹೆಚ್ಚಿನ ಕಡೆ ಅವರ ಆಫೀಸು ಆ ರಾಜ್ಯದ ಕೃಷಿ ಇಲಾಖೆಯ ಕೆಳಗೆ ಬರುತ್ತದೆ. ಫೋನ್ ಮಾಡಬೇಕಾದ್ದು ಅಲ್ಲಿಗೆ. ಆಫೀಸಿನ ಗೆಳೆಯರಿಗಲ್ಲ, ನಮ್ಮಂಥ ಕ್ಲಿನಿಕ್ಕಿಗೂ ಅಲ್ಲ.

ಈಗ ನಿಮ್ಮ ವಿಷಯ. ಕ್ಯಾಲಿಫೋರ್ನಿಯಾ ಮನೆಯ ನಾಯಿ ಬೆಕ್ಕಿಗೆ ಹೆಲ್ತ್ ಸರ್ಟಿಫಿಕೇಟ್ ಕೇಳುವುದಿಲ್ಲ. ಪ್ರಾಣಿ ನೋಡಲು ಆರೋಗ್ಯವಾಗಿರಬೇಕು, ನಾಯಿಗೆ ರೇಬೀಸ್ ಲಸಿಕೆ ಚಾಲ್ತಿಯಲ್ಲಿರಬೇಕು. ಅಲ್ಲಿಗೆ ಹೋದಮೇಲೆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ನಾಯಿಗೆ ಲೈಸೆನ್ಸ್ ಮಾಡಿಸಬೇಕು, ಅದಕ್ಕೂ ಇದೇ ರೇಬೀಸ್ ಪೇಪರ್ ಬೇಕು. ಆದರೆ ನೀವು ಹಾರಿಕೊಂಡು ಹೋಗುತ್ತಿಲ್ಲವಲ್ಲ, ನಡುವೆ ಐದು ರಾಜ್ಯ ಇವೆ, ರಾತ್ರಿ ತಂಗುತ್ತೀರಿ. ಹೆಲ್ತ್ ಸರ್ಟಿಫಿಕೇಟ್ ಕೇಳುವ ರಾಜ್ಯಗಳು ಬೇಕಾದಷ್ಟಿವೆ. ಹಾಗಾಗಿ ಗುಂಡನಿಗೆ ಒಂದು ಮಾಡಿಸಿಕೊಳ್ಳಿ ಅನ್ನುವುದೇ ನನ್ನ ಮಾತು. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಬೇಡ, ಒಂದು ಸಾಕು.

ಅದರ ಅಸಲಿ ಹೆಸರು ಸರ್ಟಿಫಿಕೇಟ್ ಆಫ್ ವೆಟರಿನರಿ ಇನ್‌ಸ್ಪೆಕ್ಷನ್, ನಾವು ಸಿವಿಐ ಅನ್ನುತ್ತೇವೆ. ಯುಎಸ್‌ಡಿಎ ಮಾನ್ಯತೆ ಇರುವ ಡಾಕ್ಟರೇ ಸಹಿ ಹಾಕಬೇಕು. ಎಲ್ಲ ವೆಟ್‌ಗೂ ಆ ಮಾನ್ಯತೆ ಇರುವುದಿಲ್ಲ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ. ಪ್ರಾಣಿಯನ್ನು ಕಣ್ಣಾರೆ ನೋಡದೆ ಸಹಿ ಹಾಕುವ ಹಾಗಿಲ್ಲ, ವಿಡಿಯೋ ಕಾಲ್ ನಡೆಯಲ್ಲ. ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ತುಂಬ ಮುಂಚೆ ಮಾಡಿಸಿದರೆ ದುಡ್ಡು ದಂಡ.

ಫಾರಂ ನೋಡಿದರೆ ಗಾಬರಿ ಆಗಬೇಡಿ. ದನ, ಕುದುರೆ ಸಾಗಿಸುವವರಿಗೂ ಇದೇ ಥರದ ಫಾರಂ. ಹಾಗಾಗಿ ಅದರಲ್ಲಿ 'ಕನ್‌ಸೈನರ್', 'ಕನ್‌ಸೈನೀ' ಅಂತ ಎರಡು ಡಬ್ಬಿ ಇರುತ್ತವೆ, ಕಳಿಸುವವರು ಮತ್ತು ಪಡೆಯುವವರು. ಎರಡರಲ್ಲೂ ನಿಮ್ಮದೇ ಹೆಸರು. ಮೊದಲನೆಯದರಲ್ಲಿ ಚಿಕಾಗೋ ವಿಳಾಸ, ಎರಡನೆಯದರಲ್ಲಿ ಸ್ಯಾಕ್ರಮೆಂಟೋದ್ದು. ಜನ ಎರಡನೆಯದನ್ನು ಖಾಲಿ ಬಿಟ್ಟು, "ನಾನು ಯಾರಿಗೂ ಮಾರುತ್ತಿಲ್ಲ ಕಣ್ರೀ" ಅಂತ ನನ್ನ ಮೇಲೆ ರೇಗುತ್ತಾರೆ. ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಇದ್ದರೆ ಆ ನಂಬರ್ ಕೂಡ ಬರೆಸಿ, ರೇಬೀಸ್ ಪೇಪರಿನಲ್ಲಿರುವ ನಂಬರ್‌ಗೆ ತಾಳೆ ಆಗುತ್ತದಾ ಅಂತ ಅಲ್ಲೇ ನಿಂತು ನೋಡಿ. ಹದಿನೈದು ಅಂಕಿಯಲ್ಲಿ ಒಂದು ಆಚೀಚೆ ಆಗುವುದು ನಮಗೆ ಹೊಸದೇನಲ್ಲ.

ಮಿನ್ನಿಯ ಇಂಜೆಕ್ಷನ್ ಮುಗಿಯುವ ತನಕ ಕಾಯಬೇಡಿ, ಈಗಲೇ ಹಾಕಿಸಿ. ಮೊದಲು ಹಾಕಿಸಿರುವ ಪ್ರಾಣಿಗೆ ಬೂಸ್ಟರ್ ಕೊಟ್ಟರೆ ಕೂಡಲೇ ಚಾಲ್ತಿ ಅಂತ ಲೆಕ್ಕ. ಜೀವನದಲ್ಲೇ ಮೊದಲ ಸಲ ಹಾಕಿಸುವುದಾದರೆ ಮಾತ್ರ 28 ದಿನ ಆಗಬೇಕು. ಕ್ಯಾಲಿಫೋರ್ನಿಯಾ ರಾಜ್ಯ ಬೆಕ್ಕಿಗೆ ರೇಬೀಸ್ ಕೇಳದಿದ್ದರೂ ಕೆಲವು ಕೌಂಟಿ, ಊರು ಕೇಳುತ್ತವೆ. ಬಾಡಿಗೆ ಮನೆಯವರೂ ಕೇಳಬಹುದು.

ವಿಮಾನದ ಕಥೆ ಬೇರೆ. ಅಲ್ಲಿ ಏರ್‌ಲೈನ್ ಹೇಳಿದ್ದೇ ಕಾನೂನು. ಸರ್ಟಿಫಿಕೇಟ್ ಕೇಳುವ ಕಂಪನಿಗಳಲ್ಲಿ ಹಲವರಿಗೆ ಅದು ಹೊರಡುವ ಮುಂಚಿನ 10 ದಿನದೊಳಗಿನದು ಬೇಕು. ಅಂದರೆ ರಾಜ್ಯಕ್ಕೆ ನಡೆಯುವ ಪೇಪರ್ ಏರ್‌ಲೈನ್‌ಗೆ ಹಳೆಯದಾಗಿರಬಹುದು. ಕ್ಯಾಬಿನ್‌ನಲ್ಲಿ ಬರುವ ಬೆಕ್ಕಿಗೆ ಏನೂ ಕೇಳದ ಕಂಪನಿಗಳೂ ಇವೆ. ಟಿಕೆಟ್ ಮಾಡುವಾಗಲೇ ಫೋನಿನಲ್ಲಿ ಕೇಳಿ, ಬೆಕ್ಕಿಗೂ ಜಾಗ ಬುಕ್ ಮಾಡಿಸಿ. ಮತ್ತೆ ನಿಮ್ಮ ಹೆಂಡತಿಗೆ ಒಂದು ಮಾತು ಹೇಳಿಡಿ: ಸೆಕ್ಯುರಿಟಿಯಲ್ಲಿ ಚೀಲ ಮಾತ್ರ ಎಕ್ಸ್‌ರೇ ಒಳಗೆ ಹೋಗುತ್ತದೆ, ಬೆಕ್ಕನ್ನು ತೆಗೆದು ಎತ್ತಿಕೊಂಡು ನಡೆಯಬೇಕು. ಮಿನ್ನಿ ಪುಕ್ಕಲು ಅನಿಸುತ್ತದೆ. ಮೈಪಟ್ಟಿ (ಹಾರ್ನೆಸ್) ಹಾಕಿಯೇ ಇರಿ, ಬೇಕಿದ್ದರೆ ಪ್ರತ್ಯೇಕ ರೂಮಿನಲ್ಲಿ ತಪಾಸಣೆ ಮಾಡಿ ಅಂತ ಕೇಳಿ. ಕೇಳಿದರೆ ಕೊಡುತ್ತಾರೆ.

ಹೈವೇ ಸವಾರರೇ, ಗಡಿಯಲ್ಲಿ ಯಾರೂ ಕೇಳಲ್ಲ ಅನ್ನುವುದು ನಿಜ, ನಾನು ಒಪ್ಪುತ್ತೇನೆ. ಆ ಪೇಪರ್ ಇರುವುದು ಗಡಿಗಲ್ಲ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದ್ದೀರಿ, ಯಾರದೋ ಮಗು ಓಡಿ ಬಂದು ಬಾಲ ಹಿಡಿಯಿತು, ನಾಯಿ ತಿರುಗಿ ಹಲ್ಲು ತಾಗಿಸಿತು ಅನ್ನಿ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿಟ್ಟು ನೋಡುವುದು ಪದ್ಧತಿ. ಎಲ್ಲಿ ಕಟ್ಟಿಡಬೇಕು, ನಿಮ್ಮ ಹತ್ತಿರವೋ ಅವರ ಶೆಲ್ಟರಿನಲ್ಲೋ, ಅದನ್ನು ತೀರ್ಮಾನಿಸುವುದು ಆ ಊರಿನ ಅಧಿಕಾರಿ, ಮತ್ತು ಅವರು ಮೊದಲು ಕೇಳುವುದೇ ರೇಬೀಸ್ ಪೇಪರ್. ಇನ್ನು ರೇಬೀಸ್ ಹಿಡಿದ ಬಾವಲಿ, ಸ್ಕಂಕ್‌ನಂಥ ಕಾಡುಪ್ರಾಣಿ ಏನಾದರೂ ನಾಯಿಯನ್ನು ಕಚ್ಚಿದರೆ ವ್ಯತ್ಯಾಸ ಇನ್ನೂ ಜಾಸ್ತಿ. ಲಸಿಕೆ ಚಾಲ್ತಿಯಲ್ಲಿದ್ದರೆ ಕೂಡಲೇ ಒಂದು ಬೂಸ್ಟರ್, ಆಮೇಲೆ 45 ದಿನ ಮನೆಯಲ್ಲೇ ನಿಗಾ. ಲಸಿಕೆಯೇ ಆಗಿಲ್ಲ ಅಂದರೆ ನಾಲ್ಕು ತಿಂಗಳು ಬಿಗಿ ಕ್ವಾರಂಟೈನ್, ಇಲ್ಲವೇ ನಾಯಿಗೆ ದಯಾಮರಣ ಕೊಡಿಸಿ ಅನ್ನುತ್ತಾರೆ.

ನಾಯಿಯ ಕೊರಳಿನ ರೇಬೀಸ್ ಬಿಲ್ಲೆ ತೋರಿಸಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಆಗಲ್ಲ. ಬಿಲ್ಲೆಯಲ್ಲಿ ಇರುವುದು ಒಂದು ನಂಬರ್, ಇಸವಿ, ಕ್ಲಿನಿಕ್ ಹೆಸರು ಅಷ್ಟೇ. ಪೇಪರಿನಲ್ಲಿ ಲಸಿಕೆ ಯಾವ ಕಂಪನಿಯದು, ಬಾಟಲಿಯ ಸೀರಿಯಲ್ ನಂಬರ್ ಏನು, ಕೊಟ್ಟ ದಿನ ಯಾವುದು, ಒಂದು ವರ್ಷದ್ದಾ ಮೂರು ವರ್ಷದ್ದಾ, ಡಾಕ್ಟರ ಸಹಿ, ಎಲ್ಲ ಇರುತ್ತದೆ. ಅಸಲು ಕಾರಿನ ಗ್ಲೋವ್ ಬಾಕ್ಸಿನಲ್ಲಿ, ಫೋಟೋ ಫೋನಿನಲ್ಲಿ. ಟ್ರಕ್ಕಿಗೆ ಹಾಕುವ ಫೈಲಿನಲ್ಲಿ ಮಾತ್ರ ಇಡಬೇಡಿ.

ಕೊನೆಗೆ ಜರ್ಬಿಲ್. ನಿಮ್ಮ ಮಗಳಿಗೆ ಇದು ಕಷ್ಟದ ಸುದ್ದಿ. ಕ್ಯಾಲಿಫೋರ್ನಿಯಾದಲ್ಲಿ ಜರ್ಬಿಲ್ ಸಾಕುವ ಹಾಗೇ ಇಲ್ಲ. ಯಾವ ಸರ್ಟಿಫಿಕೇಟ್ ಮಾಡಿಸಿದರೂ ಪ್ರಯೋಜನ ಇಲ್ಲ.

ಗುಂಡನ ಅಪ್ಪ

ಅಯ್ಯೋ, ಜರ್ಬಿಲ್‌ಗಾ? ಅಂಗೈಯಷ್ಟು ಪ್ರಾಣಿ! ಚಿಕಾಗೋದಲ್ಲಿ ಅಂಗಡಿಯಲ್ಲೇ ತಂದಿದ್ದು. ಖಂಡಿತಾನಾ ಅಕ್ಕ?

ಕೌಂಟರ್ ಅಕ್ಕ

ಖಂಡಿತ. ಅದು ಮರುಭೂಮಿಯ ಪ್ರಾಣಿ. ಕ್ಯಾಲಿಫೋರ್ನಿಯಾದ ಒಣ ಹವೆ ಅದಕ್ಕೆ ತವರಿನ ಹಾಗೆ. ತಪ್ಪಿಸಿಕೊಂಡು ಹೊರಗೆ ಮರಿ ಹಾಕಿದರೆ ಬೆಳೆಗೂ ಅಲ್ಲಿನ ಪ್ರಾಣಿಗಳಿಗೂ ತೊಂದರೆ ಅನ್ನುವ ಭಯ. ಮುಂಗುಸಿಯಂಥ ಫೆರೆಟ್, ಮುಳ್ಳುಹಂದಿಯಂತೆ ಕಾಣುವ ಹೆಜ್‌ಹಾಗ್, ಕ್ವೇಕರ್ ಗಿಳಿ, ಇವೂ ಅಲ್ಲಿ ನಿಷಿದ್ಧ. ಆ ಪಟ್ಟಿ ಇರುವುದು ಮೀನು ಮತ್ತು ವನ್ಯಜೀವಿ ಇಲಾಖೆಯ ಹತ್ತಿರ, ಕೃಷಿ ಇಲಾಖೆಯಲ್ಲಿ ಅಲ್ಲ. ಅದಕ್ಕೇ ಜನರ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಮುದ್ದಿಗೆ ಸಾಕುತ್ತೇವೆ ಅಂದರೆ ಪರ್ಮಿಟ್ ಕೊಡುವುದಿಲ್ಲ.

ಚೀಲದಲ್ಲಿ ಬಚ್ಚಿಟ್ಟು ದಾಟಿಸೋಣ ಅನ್ನುವ ಯೋಚನೆ ಬೇಡ. ಐ-80ರಲ್ಲಿ ಟ್ರಕೀ ಹತ್ತಿರ ಅವರ ತಪಾಸಣೆ ಕಟ್ಟೆ ಇದೆ. ಅಲ್ಲಿ ಪಾರಾದರೂ, ಮುಂದೆ ಜರ್ಬಿಲ್‌ಗೆ ಹುಷಾರಿಲ್ಲದಾಗ ಯಾವ ಡಾಕ್ಟರ ಹತ್ತಿರ ಧೈರ್ಯವಾಗಿ ಕರೆದುಕೊಂಡು ಹೋಗುತ್ತೀರಿ? ಚಿಕಾಗೋದಲ್ಲೇ ಮಗಳ ಗೆಳತಿಯರಲ್ಲಿ ಯಾರಾದರೂ ಇದ್ದರೆ ನೋಡಿ. ಎರಡನ್ನೂ ಒಟ್ಟಿಗೇ ಕೊಡಿ, ಬೇರೆ ಮಾಡಬೇಡಿ. ಮಗಳಿಗೆ ಈಗಲೇ ಹೇಳಿ. ಹೊರಡುವ ಹಿಂದಿನ ದಿನ ಹೇಳಿದರೆ ರಂಪ ಆಗುತ್ತದೆ.

ಡೆಟ್ರಾಯ್ಟ್ ದೊರೆಸಾನಿ

ಸಂಬಂಧ ಇದೆ ಅಂತ ಒಂದು ಮಾತು ಸೇರಿಸುತ್ತೇನೆ. ನಾವು ಬಫಲೋಗೆ ಹೋಗುವಾಗ ಆಂಟೇರಿಯೋ ಮೂಲಕ ಅಡ್ಡ ಹಾದಿ ಹಿಡಿಯುತ್ತೇವೆ. ಎರಡೂ ಕಡೆ ಅಮೆರಿಕಾನೇ, ಆದರೆ ನಡುವೆ ಕೆನಡಾ. ವಾಪಸ್ ಒಳಗೆ ಬರುವಾಗ ನಾಯಿಗೆ ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಫಾರಂ ಬೇಕು, ಆಗಸ್ಟ್ 1, 2024ರಿಂದ ಈ ನಿಯಮ. ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಫಾರಂ ಆನ್‌ಲೈನ್‌ನಲ್ಲಿ ತುಂಬುವುದು, ನಾಯಿಯ ಫೋಟೋನೂ ಹಾಕಬೇಕು. ಕೆನಡಾದವರು ರೇಬೀಸ್ ಪೇಪರ್ ಕೇಳುತ್ತಾರೆ. ನಾಲ್ಕು ತಿಂಗಳ ಮರಿ ಇದ್ದವರು ಸುಮ್ನೆ ಓಹಾಯೋ ಸುತ್ತಿ ಹೋಗುವುದೇ ವಾಸಿ.

ಹೈವೇ ಸವಾರ

ಅಕ್ಕ, ರೆಸ್ಟ್ ಏರಿಯಾ ಮಾತು ಕೇಳಿ ಈಗ ನಾನೂ ಪೇಪರ್ ಹುಡುಕುತ್ತಿದ್ದೇನೆ. ಒಂದು ಪ್ರಶ್ನೆ: ಬರುವ ವರ್ಷ ಹವಾಯಿಗೆ ವರ್ಗ ಆಗಬಹುದು. ಅಲ್ಲಿಗೂ ಇದೇ ಸಿವಿಐ ಸಾಕಾ?

ಕೌಂಟರ್ ಅಕ್ಕ

ಸಾಕಾಗಲ್ಲ, ಅಲ್ಲಿಗೆ ಈಗಿಂದಲೇ ಶುರು ಮಾಡಿ. ಹವಾಯಿಯಲ್ಲಿ ರೇಬೀಸ್ ಇಲ್ಲವೇ ಇಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಲು ಅವರು ಯಾರ ಮುಖವನ್ನೂ ನೋಡುವುದಿಲ್ಲ. ಮೈಕ್ರೋಚಿಪ್, ಜೀವಮಾನದಲ್ಲಿ ಕನಿಷ್ಠ ಎರಡು ರೇಬೀಸ್ ಲಸಿಕೆ, ಎರಡರ ನಡುವೆ 30 ದಿನಕ್ಕಿಂತ ಜಾಸ್ತಿ ಅಂತರ. ಆಮೇಲೆ ಲಸಿಕೆ ಹತ್ತಿದೆಯಾ ಅಂತ ನೋಡುವ ಎಫ್‌ಎವಿಎನ್ ಅನ್ನುವ ರಕ್ತ ಪರೀಕ್ಷೆ. ರಕ್ತ ಲ್ಯಾಬಿಗೆ ತಲುಪಿದ ಮೇಲೆ ಇನ್ನೂ 30 ದಿನ ಕಾದು ಹೋಗಬೇಕು. ಇದೆಲ್ಲ ಸರಿ ಇದ್ದು, ಪೇಪರ್ ಮುಂಚೆಯೇ ಕಳಿಸಿದ್ದರೆ ಏರ್‌ಪೋರ್ಟಿನಲ್ಲೇ ನಾಯಿ ಕೈಗೆ ಸಿಗುತ್ತದೆ. ತಪ್ಪಿದರೆ ಕ್ವಾರಂಟೈನ್ 120 ದಿನದವರೆಗೂ ಹೋಗಬಹುದು, ಖರ್ಚೂ ನಿಮ್ಮದೇ.

ಗುಂಡನ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಮಿನ್ನಿಗೆ ಶನಿವಾರ ಬೂಸ್ಟರ್, ಗುಂಡನಿಗೆ ಹೊರಡುವ ವಾರ ಸಿವಿಐ. ನಮ್ಮ ಡಾಕ್ಟರಿಗೆ ಮಾನ್ಯತೆ ಇದೆಯಂತೆ. ಜರ್ಬಿಲ್ ವಿಷಯ ಮಗಳಿಗೆ ಹೇಳಿದೆ, ಅತ್ತು ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ: "ಹ್ಯಾಮ್‌ಸ್ಟರ್ ಆದರೆ ಬಿಡುತ್ತಾರಾ?"

ಕೌಂಟರ್ ಅಕ್ಕ

ಕ್ಯಾಲಿಫೋರ್ನಿಯಾದಲ್ಲಿ ಬಿಡುತ್ತಾರೆ. ಗೋಲ್ಡನ್ ಹ್ಯಾಮ್‌ಸ್ಟರ್ ಆಗುತ್ತದೆ, ಡ್ವಾರ್ಫ್ ಕೂಡ ಆಗುತ್ತದೆ. ಚಿಕಾಗೋದಲ್ಲಿ ಈಗಲೇ ಕೊಂಡು ಅಷ್ಟು ದೂರ ಕಾರಲ್ಲಿ ಕುಲುಕಿಸಬೇಡಿ, ಅಲ್ಲಿ ಹೋಗಿ ತೆಗೆದುಕೊಡಿ. ಹೈವೇ ಸವಾರರೇ, ನಿಮ್ಮ ಮನೆಯಲ್ಲಿ ಹ್ಯಾಮ್‌ಸ್ಟರ್ ಇದ್ದರೆ ಹೇಳಿ. ಹವಾಯಿಗೆ ಅದನ್ನೂ ಒಯ್ಯುವ ಹಾಗಿಲ್ಲ.