ಮನುಕಾ ಜೇನು (ನ್ಯೂಜಿಲೆಂಡಿನ ಮನುಕಾ ಗಿಡದ ಹೂವಿನ ಜೇನು), ಗಾಯದ ಆರೈಕೆ: ಪ್ರಶ್ನೆಗಳನ್ನು ಇಲ್ಲೇ ಹಾಕಿ (ಉತ್ತರ: ಗಾಯ ಆರೈಕೆ ನರ್ಸ್, ಆಕ್ಲೆಂಡ್)

ಸುಮಾ: ಒಂದು ಡಬ್ಬಿಯಲ್ಲಿ ಯುಎಂಎಫ್ 10+, ಇನ್ನೊಂದರಲ್ಲಿ ಎಂಜಿಒ 263. ಯಾವುದು ಸ್ಟ್ರಾಂಗ್?

ನರ್ಸ್: ಎರಡೂ ಅಷ್ಟೇ, ಮನುಕಾದ ಶಕ್ತಿ ಹೇಳೋ ಎರಡು ಗುರುತು. ಕಿಲೋಗೆ 263 ಮಿಲಿಗ್ರಾಂ ಮೀಥೈಲ್‌ಗ್ಲೈಆಕ್ಸಲ್. ಎಂಜಿಒ ಅಂದ್ರೆ ಅದೇ, ಬ್ಯಾಕ್ಟೀರಿಯಾ ಕೊಲ್ಲೋ ಅಂಶ. ಯುಎಂಎಫ್ 15+ ಅಂದ್ರೆ 514.

ಪ್ರಕಾಶ್: ಮಾವನವರಿಗೆ ಶುಗರ್. ಅಂಗಾಲಲ್ಲಿ ಹುಣ್ಣಾಗಿ ಮೂರು ವಾರ, ನೋವೇನಿಲ್ಲ. ಸೂಪರ್‌ಮಾರ್ಕೆಟ್ ಮನುಕಾ ತುಂಬಿ ಕಟ್ಟುತ್ತಿದ್ದೇವೆ. ಅಂಚಿನ ಚರ್ಮ ಬೆಳ್ಳಗಾಗಿದೆ.

ನರ್ಸ್: ನೋವಿಲ್ಲ ಅನ್ನೋದೇ ನನಗೆ ಭಯ. ನರಕ್ಕೆ ಸ್ಪರ್ಶ ಗೊತ್ತಾಗ್ತಿಲ್ಲ, ಅವರು ಅದೇ ಹುಣ್ಣಿನ ಮೇಲೆ ನಡೀತಿದ್ದಾರೆ. ಜೇನು ನಿಲ್ಲಿಸಿ. ಸಲೈನಲ್ಲಿ ತೊಳೆದು, ಒಣ ಸ್ಟೆರೈಲ್ ಗಾಜ್ ಇಟ್ಟು, ಕಾಲೂರಿಸದೆ ಇವತ್ತೇ ಜಿಪಿ (ಕುಟುಂಬ ವೈದ್ಯರು) ಹತ್ತಿರ ಕರ್ಕೊಂಡು ಹೋಗಿ. ಕಾಲಿನ ನಾಡಿ ನೋಡಬೇಕು, ಮೂಳೆಗೆ ಸೋಂಕು ಇಳಿದಿದೆಯಾ ಅಂತ ಎಕ್ಸ್‌ರೇ ಬೇಕಾಗಬಹುದು. ತಿನ್ನೋ ಜೇನಲ್ಲಿ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಗಾಯಕ್ಕೆಂದೇ ಮಾರೋ ಜೇನನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರ್ತಾರೆ. ಬೆಳ್ಳಗಾಗಿರೋದು ರಸ ನಿಂತು ಚರ್ಮ ನೆನೆದದ್ದಕ್ಕೆ: ಜೇನು ಗಾಯದಿಂದ ನೀರೆಳೆಯುತ್ತೆ, ಅದನ್ನು ಹೀರೋಕೆ ಮೇಲೆ ದಪ್ಪ ಪ್ಯಾಡ್ ಇರಬೇಕು, ಅಂಚಿಗೆ ಬ್ಯಾರಿಯರ್ ಕ್ರೀಮ್ ಬೇಕು, ಪ್ಯಾಡ್ ತೊಯ್ದ ಕೂಡಲೇ ಬದಲಿಸಬೇಕು.

ಪ್ರಕಾಶ್: ಸ್ವಲ್ಪ ವಾಸನೆ ಇದೆ. ಸೋಮವಾರದವರೆಗೆ ಕಾಯಬಹುದಾ?

ನರ್ಸ್: ಬೇಡ. ಜಿಪಿ ಸಿಗದಿದ್ರೆ ಅರ್ಜೆಂಟ್ ಕೇರ್ (ತುರ್ತು ಕ್ಲಿನಿಕ್). ಜ್ವರ ಬಂದ್ರೆ, ಕೆಂಪು ಮೇಲಕ್ಕೆ ಹಬ್ಬಿದ್ರೆ ನೇರ ಆಸ್ಪತ್ರೆ.

ವೀಣಾ: ಎಂಟು ತಿಂಗಳ ಮಗುವಿಗೆ ಕೆಮ್ಮು, ಅರ್ಧ ಚಮಚ ಕೊಡಲಾ?

ನರ್ಸ್: ಒಂದು ವರ್ಷ ತುಂಬೋವರೆಗೆ ಯಾವ ಜೇನೂ ಬೇಡ. ಬೊಟುಲಿಸಂ ಆಗಬಹುದು: ಜೇನಿನ ಬೀಜಕಣ ಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತೆ.

ರಾಘು: ಫಾರ್ವರ್ಡ್ ಬಂದಿದೆ: ಮನುಕಾ, ಅರಿಶಿನ, ದಾಲ್ಚಿನ್ನಿ 40 ದಿನ ತಿಂದ್ರೆ ಶುಗರ್ ಮಾಯವಂತೆ.

ನರ್ಸ್: ಟೇಬಲ್ ಚಮಚ ಜೇನಲ್ಲಿ ಸುಮಾರು 17 ಗ್ರಾಂ ಸಕ್ಕರೆ. ಇದನ್ನು ನಂಬಿ ಮಾತ್ರೆ ಬಿಟ್ಟವರ ಕಾಲು ಹೋಗಬಹುದು. ಡಿಲೀಟ್ ಮಾಡಿ.

ಬೋಪಣ್ಣ: ಕೊಡಗಿನ ಜೇನಿಗೆ ಏನು ಕಮ್ಮಿ? ಇಷ್ಟು ದುಡ್ಡು ಯಾಕೆ?

ಅನಿಲ್: ಬೇರೆ ಜೇನಲ್ಲಿ ಕೆಲಸ ಮಾಡೋದು ಹೈಡ್ರೋಜನ್ ಪೆರಾಕ್ಸೈಡ್. ಗಾಯದಲ್ಲಿರೋ ಕ್ಯಾಟಲೇಸ್ ಅನ್ನೋ ಕಿಣ್ವ ಅದನ್ನು ಒಡೆಯುತ್ತೆ. ಮನುಕಾದ ಮೀಥೈಲ್‌ಗ್ಲೈಆಕ್ಸಲ್ ಉಳಿಯುತ್ತೆ.

ಬೋಪಣ್ಣ: ಸೊಲ್ಲಾಪುರದ ಸುಟ್ಟಗಾಯದ ಅಧ್ಯಯನ, 1991, ಓದಿ. ಅಲ್ಲಿ ಗಾಯ ವಾಸಿ ಮಾಡಿದ ಜೇನು ಮನುಕಾ ಅಲ್ಲ.

ಅನಿಲ್: ಅದು ಮೇಲ್ಪದರದ ಸುಟ್ಟಗಾಯ ಸ್ವಾಮಿ. ಎಲ್ಲಾ ಗಾಯಕ್ಕೂ ಎಳೀಬೇಡಿ.

ಬೋಪಣ್ಣ: ಎಳೀತಿರೋದು ನೀವು. ಡಬ್ಬಿ ಮಾರ್ತೀರಾ?

ಶ್ವೇತಾ: ಮೊಡವೆಗೆ ಹಚ್ಚಬಹುದಾ ಮೇಡಂ?

ಲತಾ: ಹತ್ತು ತಿಂಗಳ ಮಗು, ಬಿಸಿನೀರಲ್ಲಿ ಹಾಕಿದ್ರೆ?

ನರ್ಸ್: ಮೇಲೆ ಓದಿ. ಕುದಿಸಿದ್ರೂ ಬೀಜಕಣ ಸಾಯಲ್ಲ.

ಅನಿಲ್: ಬೋಪಣ್ಣ, ಮಾರ್ತೀನಿ ಅಂದ್ರಲ್ಲ, ಪುರಾವೆ ಹಾಕಿ.