ಹತ್ತನೇ ಆಳು ತಗೋಬೇಕೋ ಬ್ಯಾಡೋ? ಕೆಲಸದವ್ರನ್ನ ಇಟ್ಕೊಂಡು ಯಾಪಾರ ಮಾಡೋರು ಅನುಭವ ಹೇಳ್ರಿ

ರೊಟ್ಟಿಮನಿ_ನವನಗರ:
ನಮಸ್ಕಾರ್ರಿ. ಹುಬ್ಬಳ್ಳಿ ನವನಗರದಾಗ ನಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡೋ ಸಣ್ಣ ಘಟಕ ಐತಿ, ಆರು ವರ್ಷ ಆತು. ಒಂಬತ್ತು ಮಂದಿ ಹೆಣ್ಮಕ್ಕಳು, ರೊಟ್ಟಿಗೆ ಮೂರು ರೂಪಾಯಿ ಲೆಕ್ಕ, ದಿನಕ್ಕ ಒಬ್ಬಾಕಿ ನೂರೈವತ್ತು ಬಡೀತಾಳ. ಆರ್ಡರ್ ಜಾಸ್ತಿ ಆಗೇತಿ, ಇನ್ನಿಬ್ಬರು ಬೇಕು, ತಗೊಂಡ್ರ ಇಎಸ್‌ಐ (ಕೆಲಸದವ್ರ ಸರ್ಕಾರಿ ಆರೋಗ್ಯ ವಿಮಾ) ಕಡ್ಡಾಯ ಆಗೋ ಹತ್ತು ಮಂದಿ ಗೆರಿ ದಾಟತೇತಿ. ನಮ್ಮನಿಯವ್ರು "ಪುಸ್ತಕದಾಗ ಒಂಬತ್ತ ಇರ್ಲಿ, ಉಳದ ಇಬ್ಬರಿಗೆ ಕೈಯಾಗ ಕೊಡು" ಅಂತಾರ. ಪಾಕೀಟಿನ ಮ್ಯಾಲೆ "ನಮ್ಮ ಅಕ್ಕಂದಿರ ಕೈರುಚಿ" ಅಂತ ಅಚ್ಚು ಹಾಕ್ಸಿ ಮಾರಾಕಿ ನಾನು, ಆ ಅಕ್ಕಂದಿರನ್ನ ಲೆಕ್ಕದಾಗ ಬಿಟ್ರ ನನಗ ಅನ್ನ ಇಳಿಯಂಗಿಲ್ಲ. ರೇಟ್ ಏರಿಸಿದ್ರ ಅಂಗಡಿಯವ್ರು ತಗೊಳ್ಳಂಗಿಲ್ಲ. ಮಾಡಿದವ್ರು ಖರ್ಚು ಸಮೇತ ಹೇಳ್ರಿ.

ಗದಗ_ಬೈಂಡಿಂಗ್:
ಅಕ್ಕಾರ, ನಂದೊಂದು ಕೇಳ್ರಿ. ಗದಗದಾಗ ಪ್ರೆಸ್ಸು, ನೋಟ್‌ಬುಕ್ ಬೈಂಡಿಂಗ್. 2017ರಾಗ ಹನ್ನೊಂದು ಮಂದಿ ದುಡೀತಿದ್ರು, ಹಾಜರಿ ಪುಸ್ತಕದಾಗ ಒಂಬತ್ತು, ನಿಮ್ಮನಿಯವ್ರು ಹೇಳಿದ ಲೆಕ್ಕಾನ. ಮೇ ಕಡೀ ವಾರ, ಸಾಲಿ ಶುರು ಆಗೂದ್ರಾಗ ಮಾಲು ಹೋಗಬೇಕು, ರಾತ್ರಿ ಒಂಬತ್ತೂವರಿಗೆ ಕಟಿಂಗ್ ಮಷಿನ್ನಿನಾಗ ಹುಡುಗನ ಎರಡು ಬಟ್ಟು ಹೋದ್ವು. ಯಾವ ಹುಡುಗ? ಪುಸ್ತಕದಾಗ ಇಲ್ಲದಾಂವ. ಹುಬ್ಬಳ್ಳಿಗೆ ಗಾಡಿ 3,500, ಖಾಸಗಿ ದವಾಖಾನ್ಯಾಗ ಒಳಗ ಬಿಡಾಕ 40,000 ಅಡ್ವಾನ್ಸ್, ಹೆಂಡ್ತಿ ಪಾಟ್ಲಿ ಒತ್ತಿ ಇಟ್ಟೆ, ಕಡೀಕ ಬಿಲ್ 1,38,000, ಹೊರಗಿನ ಔಷಧ 22,000 ಬ್ಯಾರೆ, ಮೂರು ತಿಂಗಳ ಪಗಾರ ಅವ್ರ ಮನಿಗೆ ಕಳಸಿದೆ ಅದು ಇನ್ನೂ ಬ್ಯಾರೆ. ಇಎಸ್‌ಐ ಇದ್ದಿದ್ರ ದವಾಖಾನಿ ಖರ್ಚು ಅವ್ರದು, ಮಲಗಿದಷ್ಟು ದಿನ ಶೇ. 90ರಷ್ಟು ಪಗಾರನೂ ಅವ್ರದು. ಆಗ ಮಾಲಕರ ಪಾಲು ಶೇ. 4.75 ಇತ್ತು, ಅದನ್ನ ಉಳಸಾಕ ಹೋಗಿದ್ದೆ ನಾ. 2019ರ ಜುಲೈದಿಂದ 3.25ಕ್ಕ ಇಳದೈತಿ, ಆಳಿನ ಪಾಲು 0.75. ಆ ಹುಡುಗ ಈಗ್ಲೂ ನಮ್ಮಲ್ಲೇ ಅದಾನ, ಹಾಳಿ ಎಣಸ್ತಾನ. ಬಟ್ಟಿನ ಬದಲಿ ಅಂಗೈ ಒತ್ತಿ ಹಾಳಿ ಸರಸ್ತಾನ. ನಾ ಆ ಕಡೆ ನೋಡಂಗಿಲ್ಲ.

ಲೆಕ್ಕದ_ಮಾಸ್ತರ:
ಮ್ಯಾಲಿನವ್ರು ಅತ್ತಿದ್ದು ಸಾಕು, ಲೆಕ್ಕ ನೋಡ್ರಿ. ಪೀಸ್ ರೇಟ್ ಇದ್ರೂ ತಲಿ ಎಣಿಕಿಗೆ ಬರ್ತದ, ಗುತ್ತಿಗಿ ಮ್ಯಾಲೆ ತಂದವ್ರೂ ಬರ್ತಾರ. ಒಮ್ಮೆ ಹತ್ತಾತು ಅಂದ್ರ ಮುಂದ ಎಂಟಕ್ಕ ಇಳದ್ರೂ ಬಿಡುಗಡೆ ಇಲ್ಲ, ಹಬ್ಬದ ಸೀಜನ್‌ಗೆ ತಗೊಂಡು ಆಮ್ಯಾಲೆ ಬಿಡ್ತೀನಿ ಅನ್ನೂ ಆಟ ನಡಿಯೂದಿಲ್ಲ. ದಿನಕ್ಕ 450, 26 ದಿನಕ್ಕ 11,700. ನಿಮ್ಮ ಪಾಲು ತಲಿಗೆ 380 ಚಿಲ್ರೆ, ಹನ್ನೊಂದು ಮಂದಿದು ಕೂಡಿ 4,183. ರೊಟ್ಟಿಗೆ ಹತ್ತು ಪೈಸೆನೂ ಆಗೂದಿಲ್ಲ! ಇದಕ್ಕ ಇಷ್ಟು ಒದ್ದಾಟ. ಮುಂದಿನ ತಿಂಗಳ 15ರೊಳಗ ತುಂಬದಿದ್ರ ವರ್ಷಕ್ಕ ಶೇ. 12 ಬಡ್ಡಿ. ಮತ್ತ ಗ್ರಾಚ್ಯುಟಿನೂ ಹತ್ತಕ್ಕ ಹತ್ಗೋತದ, ಅದನ್ನ ಯಾರೂ ಹೇಳೂದಿಲ್ಲ. ಐದು ವರ್ಷ ದುಡದಾಕಿ ಬಿಟ್ರ ಇದೇ ಪಗಾರಕ್ಕ ವರ್ಷಕ್ಕ 6,750ರಂಗ ಕೊಡಬೇಕು. ಪಿಎಫ್ ಇಪ್ಪತ್ತಕ್ಕ, ಅದಿನ್ನೂ ದೂರ.

ಬ್ಯಾಡಗಿ_ಕಡ್ಡಿಕಾಯಿ:
ಎಲ್ಲಾರೂ ಇಎಸ್‌ಐ ಇಎಸ್‌ಐ ಅಂತ ಬಡ್ಕೋತೀರಿ, ಮೊದಲ ಕೂಲಿ ನೆಟ್ಟಗ ಮಾಡ್ರಿ. ನಮ್ಮ ಗೋಡೌನಿನಾಗ ಮೆಣಸಿನಕಾಯಿ ಆರಸೋದಕ್ಕ ಗಂಡಾಳಿಗೆ 600, ಹೆಣ್ಣಾಳಿಗೆ 350 ಇತ್ತು. ಒಂದ ರಾಶಿ, ಒಂದ ಕೆಲಸ. ಸಮಾನ ವೇತನ ಕಾಯ್ದೆ ಬಂದಿದ್ದು 1976ರಾಗ, ನಮ್ಮ ಓಣಿಗೆ ಇನ್ನೂ ಮುಟ್ಟಿಲ್ಲ. ಮೂರು ಸೀಜನ್ ಹಿಂದ ಇಬ್ಬರಿಗೂ 550 ಮಾಡಿದೆ. ಗಂಡಾಳು ಮರುದಿನನ ಎದ್ದು ಹೋದ್ರು, 18 ದಿನ 140 ಚೀಲ ಹಂಗ ಬಿತ್ತು, ಮ್ಯಾಲಿನ ಚೀಲ ಬಣ್ಣ ಬಿಟ್ಟವು, ಆ ಲಾಟಿಗೆ ಧಾರಣಿ ಹೊಡೀತು, 90,000 ಲುಕ್ಸಾನ. ಬಾಜೂ ಅಂಗಡಿ ಶೆಟ್ರು ನನಗ "ಕೂಲಿ ಕೆಡಸಾಂವ" ಅಂತ ಹೆಸರಿಟ್ಟಾರ, ಚಾದಂಗಡಿಯಾಗೂ ಹಂಗ ಕರೀತಾರ. ಕರೀಲಿ. ಸಂಜಿಗೆ ಕೊಬ್ರಿ ಎಣ್ಣಿ ತಿಕ್ಕೊಂಡು ತಾಸು ಬಿಟ್ಟ ಕೂಸಿನ ಮಾರಿ ಮುಟ್ಟೋ ಹೆಣ್ಮಕ್ಕಳನ್ನ ನೋಡಿದವ್ರು 350 ಅಂತ ಬಾಯಾಗ ಅನ್ನಂಗಿಲ್ಲ.

ಗದಗ_ಬೈಂಡಿಂಗ್:
@ಬ್ಯಾಡಗಿ, ಭಾಳ ಛಲೋ ಮಾಡಿದ್ರಿ. ಆದ್ರ ತೊಟ್ಟು ಬಿಡಸಾವ್ರಿಗೆ ಇನ್ನೂ ಕೆಜಿ ಲೆಕ್ಕ ಹೌದಲ್ರೀ? ನಮ್ಮ ಚಿಕ್ಕವ್ವ ಮೋಟೆಬೆನ್ನೂರಾಗ ಇರ್ತಾಳ, ನನಗ ಗೊತ್ತೈತಿ. ಕೈ ಉರಿ ಅವ್ರಿಗೇ ಜಾಸ್ತಿ, ಅವ್ರನ್ನ ಬಿಟ್ಟು ಲೆಕ್ಕ ಹೇಳಾಕತ್ತೀರಿ.

ಬ್ಯಾಡಗಿ_ಕಡ್ಡಿಕಾಯಿ:
ಕಳ್ಳ ಹಾಜರಿ ಇಟ್ಟು ಹುಡುಗನ ಬಟ್ಟು ಕಳದಾಂವ ನನಗ ಬುದ್ಧಿ ಹೇಳ್ತಾನ. ಛೀ.

ಗದಗ_ಬೈಂಡಿಂಗ್:
ಕಳದೀನಿ, ಅದಕ್ಕ ಇಲ್ಲಿ ಬರದೀನಿ. ನೀವೂ ಪೂರ್ತಿ ಬರೀರಿ.

ಗೋಕುಲರೋಡ್_ಲೇಥ್:
ಜಗಳ ಆಮ್ಯಾಲೆ ಆಡ್ರಿ. ಸಣ್ಣವ್ರಿಗೆ ಧರ್ಮ ಹೇಳೋದು ಸಲೀಸು, ನಮಗ ಬರೋ ರೊಕ್ಕ ಯಾರು ಕೊಡ್ತಾರ? ನಾ ಒಂದು ದೊಡ್ಡ ಕಂಪನಿಗೆ ಲೇಥಿನಾಗ ಬುಶ್ (ಮಷಿನ್ನಿನ ಬಿಡಿಭಾಗ) ಮಾಡಿ ಕೊಡ್ತಿದ್ದೆ, ಹೆಸರು ಬ್ಯಾಡ. 4,60,000 ಬಾಕಿ, ಏಳು ತಿಂಗಳು, ಹೋದಾಗೆಲ್ಲಾ ಗೇಟಿನಾಗ ಸಹಿ ಮಾಡ್ಸಿ ಕೂಡಸೋದು, ಚಾ ಕೊಟ್ಟು ಕಳಸೋದು. ಶನಿವಾರದ ಬಟವಾಡೆಗೆ ನೂರಕ್ಕ ಮೂರರಂಗ ತಿಂಗಳ ಬಡ್ಡಿಗೆ ತಂದು ಹಂಚೀನಿ. ಅದೇ ಕಂಪನಿ ಆ ವರ್ಷ ಸಿಎಸ್‌ಆರ್ (ಕಂಪನಿ ಸಮಾಜಕ್ಕ ಮಾಡೋ ಖರ್ಚು) ಅಂತ ಲಾಭದ ಶೇ. 2 ತಗದು ಒಂದು ಸಾಲಿಗೆ ಬೆಂಚು ಕೊಡ್ತು, ಬೆನ್ನಿಗೆ ತಮ್ಮ ಹೆಸರು ಬರಸಿ. ಫೋಟೋ ಪೇಪರ್‌ನಾಗ ಬಂದಿತ್ತು. ನನ್ನ ರೊಕ್ಕದಾಗಿನ ಬೆಂಚು ಅವು! ಸಣ್ಣ ಉದ್ದಿಮೆದವ್ರ ಎಂಎಸ್‌ಎಂಇ ಕಾಯ್ದೆ 2006ರದು, ಕರಾರು ಇದ್ರೂ 45 ದಿನಕ್ಕಿಂತ ತಡ ಮಾಡಂಗಿಲ್ಲ, ಮಾಡಿದ್ರ ರಿಸರ್ವ್ ಬ್ಯಾಂಕಿನ ದರದ (ಬ್ಯಾಂಕ್ ರೇಟ್) ಮೂರು ಪಟ್ಟು ಚಕ್ರಬಡ್ಡಿ. ಮತ್ತ ಇನ್ಕಮ್ ಟ್ಯಾಕ್ಸ್ ಕಾಯ್ದೆದಾಗ ಒಂದು ಕಲಮು ಬಂದು, ಟೈಮಿಗೆ ಕೊಡದಿದ್ರ ಕೊಟ್ಟ ವರ್ಷದ ತನಕ ಆ ಖರ್ಚನ್ನ ಲಾಭದಾಗ ಕಳಿಯಾಕ ಅವ್ರಿಗೆ ಬರಂಗಿಲ್ಲ. ನಾ ಉದ್ಯಮ್ (ಸಣ್ಣ ಉದ್ದಿಮೆ ನೋಂದಣಿ) ಸರ್ಟಿಫಿಕೇಟ್ ಹಚ್ಚಿ ಪತ್ರ ಬರದೆ, ರೊಕ್ಕ ಹತ್ತು ದಿನದಾಗ ಬಂತು, ಆರ್ಡರ್ ಅವತ್ತಿಗೇ ಬಂದ್. ಗೆದ್ದೆನೋ ಸೋತೆನೋ ಇವತ್ತಿಗೂ ತಿಳಿವಲ್ದು. ಅಕ್ಕಾರ, ನಿಮ್ಮ ಅಂಗಡಿಯವ್ರು ಎಷ್ಟು ದಿನಕ್ಕ ಕೊಡ್ತಾರ, ಅದನ್ನ ಮೊದಲ ಕೇಳ್ರಿ. ಇಲ್ಲಾಂದ್ರ ಹತ್ತು ಪೈಸೆನೂ ಹೊಂಚಂಗಿಲ್ಲ. ಅಷ್ಟಾಗಿ ಒಂದು ರೊಟ್ಟಿ ಮಷಿನ್ ತಗೋರಿ, ಮೂರು ಮಂದಿ ಸಾಕು, ಇಎಸ್‌ಐ ಗೊಡವಿನ ಇಲ್ಲ.

ಒಲಿಮುಂದಿನಾಕಿ:
ಮಾಲಕರೆಲ್ಲಾ ಮಾತಾಡಿದ್ರಿ, ಒಲಿ ಮುಂದ ಕೂತಾಕಿನ್ನ ಒಬ್ರರ ಕೇಳಿದ್ರೇನು? ನಮ್ಮವ್ವ ಹದಿನಾಲ್ಕು ವರ್ಷ ಬ್ಯಾರೆಯವ್ರ ಕಡೆ ರೊಟ್ಟಿ ಬಡದಾಳ, ಅದರ ಮ್ಯಾಲೆ ನಾ ಡಿಗ್ರಿ ಮುಗಸೀನಿ. ಅವ್ರ ಮಾಲಕರು ಇಎಸ್‌ಐ ಫಾರ್ಮ್ ತಂದಾಗ ನಮ್ಮವ್ವನ ಬ್ಯಾಡ ಅಂದ್ಳು. ಯಾಕಂದ್ರ ಬಿಪಿಎಲ್ ಕಾರ್ಡು. ವರ್ಷಕ್ಕ 1,20,000 ದಾಟಿದ್ರ ಕಾರ್ಡ್ ಹೋಗತೈತಿ, 11,700 ಅಂದ್ರ 1,40,400 ಆತು. ಕೈಯಾಗ ಕೊಟ್ರ ಕಾಣಂಗಿಲ್ಲ, ಫಾರ್ಮಿನಾಗ ಕಾಣತೈತಿ. ಅಕ್ಕಿ ಹೋಗಿ ಆಸ್ಪತ್ರಿ ಬಂದ್ರ ಏನ್ ತಿನ್ನೋದು ಅಂತಿದ್ಳು. ಎರಡು ವರ್ಷಕ್ಕ ಗರ್ಭಚೀಲದ ಆಪರೇಷನ್ ಆತು, 65,000, ಸಂಘದಾಗ ಸಾಲ, ಇನ್ನೂ ತೀರಿಲ್ಲ. ತಪ್ಪು ಯಾರದು ಅಂತ ನಾ ಹೇಳಂಗಿಲ್ಲ. ಆಕಿ ದಿನಾ ಬೈತಿದ್ದಿದ್ದು ಬ್ಯಾರೇನ: ಅಲ್ಲಿ ಪಾಯಖಾನಿ ಇರ್ಲಿಲ್ಲ, ಮುಂಜಾನಿಯಿಂದ ನೀರು ಕುಡೀದ ಕೂಡ್ತಿದ್ಳು, ಒಲಿ ಮುಂದ. ಮತ್ತ ಮಷಿನ್ ಅಂತೀರಲ್ಲ ಅಣ್ಣಾರ, ರಾಷ್ಟ್ರಧ್ವಜ ಮಾಡೋ ನಮ್ಮ ಹುಬ್ಬಳ್ಳಿ ಬೆಂಗೇರಿ ಖಾದಿಯವ್ರನ್ನ ಕೇಳ್ರಿ, 2021ರ ಡಿಸೆಂಬರ್‌ನಾಗ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಮಷಿನ್ ಧ್ವಜಕ್ಕ ದಾರಿ ಬಿಟ್ಟ ಮ್ಯಾಲೆ ಕೈಕೆಲಸದವ್ರ ಗತಿ ಏನಾತು ಅಂತ.

ಗೋಕುಲರೋಡ್_ಲೇಥ್:
ಧ್ವಜಕ್ಕೂ ರೊಟ್ಟಿಗೂ ಏನ್ ಸಂಬಂಧ ತಂಗೀ. ಮಷಿನ್ ರೊಟ್ಟಿನೂ ಜೋಳದ್ದ.

ಲೆಕ್ಕದ_ಮಾಸ್ತರ:
ಅದು ರೊಟ್ಟಿ ಅಲ್ಲ, ಹಪ್ಪಳ. ಬಾಯಾಗಿಟ್ರ ಒಸಡಿ ಕುಯ್ತದ.

ಗೋಕುಲರೋಡ್_ಲೇಥ್:
ಹಲ್ಲು ತೋರಸ್ರಿ ಮೊದಲ.

ರೊಟ್ಟಿಮನಿ_ನವನಗರ:
ಸಾಕ್ರಿ ಮಾರಾಯ್ರ. ನಿನ್ನೆ ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿನ್ಯಾಗ ಎಲ್ಲಾರನ್ನೂ ಕೂಡ್ಸಿ ಕೇಳಿದೆ. ನಾಲ್ಕು ಮಂದಿ ಹೂಂ ಅಂದ್ರು, ಐದು ಮಂದಿ ಕಾರ್ಡಿನ ಮಾತೇ ಎತ್ತಿದ್ರು, ಆ ತಂಗಿ ಹೇಳಿದ್ದು ಅಕ್ಷರಶಃ ಖರೆ. ನಾಲ್ಕು ಮಂದಿದು ಅಷ್ಟ ಮಾಡ್ಸಾಕ ಬರಂಗಿಲ್ಲ ಅಂತಾರ ಮಾಸ್ತರು, ಮಾಡಿಸಿದ್ರ ಎಲ್ಲಾರ್ದು. ಮಾಡಸಾಕತ್ತೀನಿ. ಐದು ಮಂದಿ ಇವತ್ತು ನನ್ನ ಸಂಗಾಟ ಮಾತಾಡಿಲ್ಲ. ಅಂಗಡಿಯವ್ರಿಗೆ ಹತ್ತು ಪೈಸೆ ಏರಸ್ರಿ ಅಂದೆ, "ಹತ್ತು ಪೈಸೆ ನಾಣ್ಯ ಎಲ್ಲೈತ್ರಿ, ಏರಸೋದಾದ್ರ ರೂಪಾಯಿ ಏರಸ್ರಿ, ಗಿರಾಕಿ ಓಡ್ತಾರ" ಅಂತ ನಕ್ರು. ಪಾಯಖಾನಿ ನಮ್ಮಲ್ಲಿ ಐತಿ. ಚಿಲಕ ಮುರದಿತ್ತು, ಎಂಟು ತಿಂಗಳಿಂದ, ನನಗ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಇವತ್ತು ಹಾಕ್ಸಿದೆ, 120 ರೂಪಾಯಿ.

ಬ್ಯಾಡಗಿ_ಕಡ್ಡಿಕಾಯಿ:
ಗದಗದವ್ರ, ಕೆಜಿ ಲೆಕ್ಕ ಕೇಳಿದ್ರಲ್ಲ. ಈ ಸೀಜನ್ ತೊಟ್ಟಿಗೆ ಎರಡು ರೂಪಾಯಿ ಏರಿಸೀನಿ. ನಿಮ್ಮ ಮಾತಿಗಲ್ಲ ಮತ್ತ.