ಸೊಸೈಟಿ ಮನೆ ಬಾಂಡ್ ಪೇಪರ್ ಮೇಲೆ ಕೊಳ್ಳಬಹುದಾ?

ಅಕ್ಕಲಕೋಟೆ ಹುಡುಗ:
ನಮ್ಮವ್ವ ಸೊಲ್ಲಾಪುರದಲ್ಲಿ ಬೀಡಿ ಕಟ್ಟುತ್ತಾಳೆ. ಇಬ್ಬರೂ ಒಂದೇ ಖೋಲಿಯಲ್ಲಿ ಬಾಡಿಗೆಗಿದ್ದೇವೆ. ಈಗ ಇಲ್ಲೇ ಹತ್ತಿರದ ಕುಂಭಾರಿಯಲ್ಲಿ, ಬೀಡಿ ಹೆಂಗಸರ ಗೋದೂತಾಯಿ ವಸತಿ ಸೊಸೈಟಿಯಲ್ಲಿ ಒಂದು ಮನೆ ಸೋವಿಯಾಗಿ ಸಿಗುತ್ತಿದೆ. ಸದಸ್ಯೆಯಾಗಿದ್ದ ಅಜ್ಜಿ ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾನೆ. "ನಾನೇ ನಾಮಿನಿ, ಬಾಂಡ್ ಪೇಪರ್ ಬರೆದು ನೋಟರಿ ಮಾಡಿಸಿದ್ರೆ ಮುಗೀತು" ಅಂತಾನೆ. ಅವ್ವ ಆಗಲೇ ಬಂಗಾರ ಒತ್ತೆ ಇಡಲು ಹೊರಟಿದ್ದಾಳೆ. ಮುಂಗಡ ಕೊಡಲೋ ಬೇಡವೋ?

ಕುಂಭಾರಿ ಸೊಸೆ:
ತಮ್ಮಾ, ಮೊದಲು ಆ ಬಂಗಾರ ಪೆಟ್ಟಿಗೆಗೆ ವಾಪಸ್ ಇಡಿಸು.

ನಾನು ಅಲ್ಲೇ ಇರುವವಳು. ಈ ಮನೆಗಳು ಸುಮ್ನೆ ಬಂದವಲ್ಲ. ಕಾರ್ಮಿಕ ನಾಯಕ ಆಡಂ ಮಾಸ್ತರ ಜೊತೆ ಬೀಡಿ ಹೆಂಗಸರು ವರ್ಷಗಟ್ಟಲೆ ಮೋರ್ಚಾ ಹೋದರು. ಒಂದು ಮನೆಗೆ 60,000 ರೂಪಾಯಿ. ಕೇಂದ್ರದ್ದು 20,000, ರಾಜ್ಯದ್ದು 20,000, ಉಳಿದ 20,000 ನಮ್ಮತ್ತೆಯಂಥವರ ಬೀಡಿ ದುಡ್ಡು. ನಡುವೆ ಬಿಲ್ಡರ್ ಲಾಭ ಇಲ್ಲ, ಅದಕ್ಕೇ ಆ ರೇಟಿಗೆ ಆಯಿತು. 2006ರಲ್ಲಿ ಮನಮೋಹನ್ ಸಿಂಗ್ ಬಂದು ಕೀಲಿ ಕೊಟ್ಟರು. ಒಟ್ಟು 10,000 ಮನೆ! ನಮ್ಮತ್ತೆ ಶೇರ್ ಸರ್ಟಿಫಿಕೇಟನ್ನು, ಅಂದರೆ ಸೊಸೈಟಿ ಸದಸ್ಯೆ ಅನ್ನುವ ಕಾಗದವನ್ನು, ಇವತ್ತಿಗೂ ದೇವರ ಫೋಟೋ ಹಿಂದೆ ಇಟ್ಟಿದ್ದಾರೆ. ಧೂಳು ಒರೆಸಲೂ ನಮ್ಮನ್ನು ಬಿಡುವುದಿಲ್ಲ.

ನೀವು ಕೊಳ್ಳುವ ಮನೆಯ ಆ ಕಾಗದದಲ್ಲಿ ಈಗ ಯಾರ ಹೆಸರಿದೆ, ಅದನ್ನು ಕೇಳು. ಅಜ್ಜಿಯದೇ ಇದ್ದರೆ ಅವನು ಏನನ್ನು ಮಾರುತ್ತಾನೆ? ಅವನಿಗೆ ಅಕ್ಕತಂಗಿಯರು ಇದ್ದಾರಾ?

ಅಕ್ಕಲಕೋಟೆ ಹುಡುಗ:
ಇಬ್ಬರು. ಒಬ್ಬರು ವಿಜಯಪುರ ಕಡೆಯ ಇಂಡಿಯಲ್ಲಿ, ಒಬ್ಬರು ಪುಣೆಯಲ್ಲಿ. ಅವರ ಮಾತು ತೆಗೆದರೆ ಅವನು ಮಾತು ಬದಲಿಸುತ್ತಾನೆ.

ರಿಟೈರ್ಡ್ ಗುಮಾಸ್ತ:
ಹಂಗಾದ್ರೆ ಉತ್ತರ ಸಿಕ್ಕಿತಲ್ವಾ? ನಾಮಿನಿ ಅಂದರೆ ಮಾಲೀಕ ಅಲ್ಲ, ಅಕ್ಕತಂಗಿಯರೂ ಸೇರಿ ಎಲ್ಲ ವಾರಸುದಾರರ ಪರವಾಗಿ ಹಿಡಿದುಕೊಂಡವನು ಅಷ್ಟೇ. ಬಾಂಡ್ ಪೇಪರ್, ಮುಖತ್ಯಾರಪತ್ರದ ಮೇಲೆ ಮನೆ ನಿಮ್ಮದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ. ರಿಜಿಸ್ಟ್ರಿ ಆಗಬೇಕು, ಸೊಸೈಟಿ ಪುಸ್ತಕದಲ್ಲಿ ಶೇರು ನಿಮ್ಮವ್ವನ ಹೆಸರಿಗೆ ಬರಬೇಕು. ಸರ್ಕಾರದ ದುಡ್ಡು ಬಿದ್ದ ಮನೆ, ಮಾರಲು ಏನು ಕರಾರಿದೆ ಅಂತ ಹಂಚಿಕೆ ಪತ್ರ ಓದಿಸಿ.

ಕುಂಭಾರಿ ಸೊಸೆ:
ಅಂದಹಾಗೆ, ಅವ್ವ ರೇ ನಗರಕ್ಕೆ ಹೆಸರು ಕೊಟ್ಟಿಲ್ವಾ? ಅದೂ ಕುಂಭಾರಿಯಲ್ಲೇ, 30,000 ಮನೆಯ ಯೋಜನೆ. 2024ರ ಜನವರಿಯಲ್ಲಿ 15,000 ಮನೆ ಕೊಟ್ಟರು. ಜಾಗ ಉಳಿದಿದೆಯಾ ಅಂತ ಆಫೀಸಿಗೆ ಹೋಗಿ ಕೇಳು. ಏಜೆಂಟನನ್ನಲ್ಲ!

ಅಕ್ಕಲಕೋಟೆ ಹುಡುಗ:
ಅವ್ವನಿಗೆ ಓದಿ ಹೇಳಿದೆ. ಬೈದುಕೊಂಡೇ ಬಳೆ ಮತ್ತೆ ಹಾಕಿಕೊಂಡಳು. ನಾಳೆ ಇಂಡಿಯ ಅಕ್ಕನಿಗೆ ಫೋನ್ ಮಾಡ್ತೀನಿ.